ಗಿರಾಕಿ ಕಡೆಯ ಪರದೆಯಲ್ಲೂ ಅಕ್ಷರ ಕಾಣಲಿ

ಪಹಣಿ ತಿದ್ದುಪಡಿಗೋ ಪಿಂಚಣಿ ಅರ್ಜಿಗೋ ನಾವೆಲ್ಲ ಕಂಪ್ಯೂಟರ್ ಸೆಂಟರಿಗೆ ಹೋಗುವವರೇ. ಕೆಲವು ಕಡೆ ಈಗ ಎರಡು ಮಾನಿಟರ್ ಇರುತ್ತವೆ. ಹೊಸದು ಆಪರೇಟರ್ ಮುಂದೆ, ಹಳೆಯದು ನಮ್ಮ ಕಡೆ. "ಹೆಸರು ಸರಿ ಇದೆಯಾ ನೋಡಿ ಯಜಮಾನ್ರೇ" ಅನ್ನುತ್ತಾರೆ. ನೋಡಿದರೆ ಅಕ್ಷರ ಮಸುಕು, ಇಲ್ಲವೇ ಸಾಸಿವೆ ಕಾಳಿನಷ್ಟು. ಹಿಂದೆ ಸಾಲು ಬೇರೆ. "ಹೂಂ, ಸರಿ ಇದೆ" ಅಂದುಬಿಡುತ್ತೇವೆ.

ಆ 'ಹೂಂ' ದುಬಾರಿ. ಪ ಮತ್ತು ಷ ನಡುವೆ ಇರುವುದು ಒಂದು ಗೀಟು. ಅಕ್ಷರ ಮಸುಕಾದರೆ ಬಸಪ್ಪ ಹೋಗಿ ಬಸವ್ವ ಆಗಿದ್ದೂ ಕಾಣುವುದಿಲ್ಲ. ತಪ್ಪು ಹಾಗೇ ಹೋದರೆ ಮತ್ತೆ ಅರ್ಜಿ, ಮತ್ತೆ ಓಡಾಟ, ಒಂದು ದಿನದ ಕೂಲಿ ಖೋತಾ.

ಇದನ್ನು ಸರಿ ಮಾಡಲು ದುಡ್ಡು ಬೇಡ, ಐದು ನಿಮಿಷ ಸಾಕು. ಆದ್ದರಿಂದಲೇ ಸೆಂಟರಿನವರು ಇದನ್ನು ಮಾಡಲೇಬೇಕು ಅನ್ನುವುದು ನಮ್ಮ ವಾದ.

ತೊಂದರೆ ಇರುವುದು ಚುಕ್ಕಿಗಳ ಲೆಕ್ಕದಲ್ಲಿ. ಹಳೆಯ 18.5 ಇಂಚಿನ ಮಾನಿಟರಿನಲ್ಲಿ ಸಾಮಾನ್ಯವಾಗಿ 1366×768 ಚುಕ್ಕಿ. ಫೋಟೋ ಕೆಲಸಕ್ಕೆಂದು ತಂದ 27 ಇಂಚಿನ 4ಕೆ ಮಾನಿಟರಿನಲ್ಲಿ 3840×2160. ಅಂದರೆ ಒಂದು ಇಂಚಿಗೆ ಹಳೆಯದರಲ್ಲಿ ಸುಮಾರು 85 ಚುಕ್ಕಿ, ಹೊಸದರಲ್ಲಿ 163. ಎರಡಕ್ಕೂ ಒಂದೇ ಸ್ಕೇಲ್ ಇಟ್ಟರೆ ಹೊಸದರಲ್ಲಿ ಅಕ್ಷರ ಅರ್ಧದಷ್ಟಾಗುತ್ತದೆ. ದೊಡ್ಡದು ಮಾಡಲು ರೆಸಲ್ಯೂಶನ್ ಇಳಿಸಿದರೆ ಮಸುಕು. ಡೂಪ್ಲಿಕೇಟ್ ಇಟ್ಟರೆ ಎರಡಕ್ಕೂ ಒಂದೇ ಅಳತೆ ಹೊಂದಿಸಲು ಹೋಗಿ ಒಂದಾದರೂ ಕೆಡುತ್ತದೆ.

ವಿಂಡೋಸ್ 10 ಅಥವಾ 11 ಇದ್ದರೆ ಹೀಗೆ ಮಾಡಿ. ವಿಂಡೋಸ್ ಕೀ ಜೊತೆ ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ. 1, 2 ಎಂದು ಎರಡು ಚೌಕ ಕಾಣುತ್ತವೆ. ಒಂದೊಂದನ್ನೇ ಆರಿಸಿ, ರೆಸಲ್ಯೂಶನ್ ರೆಕಮೆಂಡೆಡ್ ಅಂತ ಇರುವುದನ್ನೇ ಇಡಿ, ಸ್ಕೇಲ್ ಮಾತ್ರ ಬದಲಿಸಿ. 4ಕೆ ಪರದೆಗೆ 150 ಶೇಕಡಾ, ಹಳೆಯದಕ್ಕೆ 100. ಹಿರಿಯರು ಓದುವಾಗ ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಹಿಗ್ಗಿಸಿ. ಯಾವುದಾದರೂ ಹಳೆಯ ಸಾಫ್ಟ್‌ವೇರ್ ಮಸುಕಾಗಿ ಕಂಡರೆ ಅದನ್ನು ಮುಚ್ಚಿ ಮತ್ತೆ ತೆರೆಯಿರಿ.

"ಪ್ರತಿ ಸಲ ಪುಟವನ್ನು ಆಚೆ ಪರದೆಗೆ ತಳ್ಳುತ್ತಾ ಕೂರಬೇಕಾ?" ಎಂದು ಆಪರೇಟರುಗಳು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ವಿಂಡೋಸ್, ಶಿಫ್ಟ್, ಬಾಣದ ಕೀ ಮೂರನ್ನೂ ಒಟ್ಟಿಗೆ ಒತ್ತಿದರೆ ಪುಟ ಆಚೆ ಜಿಗಿಯುತ್ತದೆ. ಇನ್ನೊಂದು ಲಾಭವೂ ಇದೆ. ಡೂಪ್ಲಿಕೇಟ್‌ನಲ್ಲಿ ಆಪರೇಟರ್ ತೆರೆದದ್ದೆಲ್ಲ ನಮಗೂ ಕಾಣುತ್ತದೆ, ಹಿಂದಿನವರ ಆಧಾರ್ ನಂಬರ್ ಕೂಡ. ಎಕ್ಸ್‌ಟೆಂಡ್‌ನಲ್ಲಿ ಕಳಿಸಿದ ಪುಟವಷ್ಟೇ ಕಾಣುತ್ತದೆ.

ಮುಂದಿನ ಸಲ ಹೋದಾಗ ನಾಚಿಕೆ ಬೇಡ. "ತಮ್ಮಾ, ಅಕ್ಷರ ದೊಡ್ಡದು ಮಾಡು, ಓದಿ ಹೇಳ್ತೀನಿ" ಅನ್ನಿ. ಓದಲು ಬಾರದವರು ಪಕ್ಕದಲ್ಲಿದ್ದರೆ ಅವರ ಹೆಸರನ್ನೂ ನೀವೇ ಓದಿಬಿಡಿ. ಸಬ್‌ಮಿಟ್ ಒತ್ತುವುದು ಆಮೇಲೆ.