ಗುಜರಿಗೂ ಗಾಜಿನ ಪೆಟ್ಟಿಗೆಗೂ ನಡುವೆ ಒಂದು ಯೆಜ್ಡಿ

ಹಳೆಯ ವಾಹನಗಳ ಮಾತು ಬಂದಾಗಲೆಲ್ಲ ನಮ್ಮ ಕಣ್ಣ ಮುಂದೆ ಎರಡೇ ಚಿತ್ರಗಳು ಮೂಡುತ್ತವೆ. ಒಂದು, ಹೊಗೆ ಉಗುಳುತ್ತಾ ತೆವಳುವ, ಇಂದೋ ನಾಳೆಯೋ ಗುಜರಿ ಸೇರಬೇಕಾದ ಡಕೋಟಾ ಗಾಡಿ. ಇನ್ನೊಂದು, ಭಾನುವಾರದ ರ್‍ಯಾಲಿಯಲ್ಲಿ ಮಿರಮಿರ ಮಿಂಚುವ, ಉಳ್ಳವರ ಶೋಕಿಯ ವಿಂಟೇಜ್ ಗಾಡಿ. ಸರ್ಕಾರದ ನಿಯಮಗಳೂ ಹೆಚ್ಚುಕಡಿಮೆ ಈ ಎರಡು ಚಿತ್ರಗಳನ್ನೇ ನೋಡಿ ಬರೆದಂತಿವೆ. ಆದರೆ ಹಿರೇಕೆರೂರು ತಾಲ್ಲೂಕಿನ ನಮ್ಮ ಚಿಕ್ಕೇರೂರಿನಂತಹ ಊರುಗಳಲ್ಲಿ ಮೂರನೆಯ ಬಗೆಯ ಹಳೆಯ ಗಾಡಿಗಳಿವೆ. ಅವು ಗುಜರಿಯೂ ಅಲ್ಲ, ಪ್ರದರ್ಶನದ ವಸ್ತುವೂ ಅಲ್ಲ. ಮನೆಯವರೇ ಬಿಚ್ಚಿ, ತೊಳೆದು, ಜೋಡಿಸಿ, ಹೊಲಕ್ಕೂ ಸಂತೆಗೂ ಒಯ್ಯುವ ಗಾಡಿಗಳು. ಕಾನೂನಿನಲ್ಲಿ ಇವಕ್ಕೆ ಇನ್ನೂ ಒಂದು ಹೆಸರಿಲ್ಲ.

ಅಂಥದ್ದೊಂದು ಗಾಡಿ ನಮ್ಮ ಮನೆಯಲ್ಲೂ ಇದೆ. ಅಜ್ಜ 1982ರಲ್ಲಿ ಕೊಂಡ ಯೆಜ್ಡಿ. ಅಜ್ಜನ ನಂತರ ಅಪ್ಪ ಓಡಿಸಿದರು. ಆಮೇಲೆ ಬಹಳ ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಡಿಗ್ರಿ ಮುಗಿಸಿದ ಮೇಲೆ ಸುಮಾರು ಒಂದೂವರೆ ವರ್ಷ, ಬಿಡುವಾದಾಗೆಲ್ಲ ಅದನ್ನು ಮನೆಯಲ್ಲೇ ರಿಪೇರಿ ಮಾಡಿದೆ. ಪಾನಾ ಹಿಡಿಯುವುದನ್ನು ಕಲಿತದ್ದು ಒಂದು ಲಾಭ. ವಾಹನಗಳ ಬಗ್ಗೆ ದೆಹಲಿಯಲ್ಲಿ ಆಗುವ ತೀರ್ಮಾನಗಳು ಒಂದು ಹಳ್ಳಿಯ ಕೊಟ್ಟಿಗೆಯವರೆಗೆ ಹೇಗೆ ಬಂದು ಮುಟ್ಟುತ್ತವೆ ಎಂದು ಅರಿತದ್ದು ಅದಕ್ಕಿಂತ ದೊಡ್ಡ ಲಾಭ.

ಯೆಜ್ಡಿ ನಮ್ಮದೇ ನಾಡಿನ ಗಾಡಿ ಎಂಬುದು ನನ್ನ ವಯಸ್ಸಿನ ಅನೇಕರಿಗೆ ಗೊತ್ತಿಲ್ಲ. ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಅವರು ಕಟ್ಟಿದ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಪಡೆಯಿತು. ಒಂದೇ ಸಿಲಿಂಡರ್, ಆದರೆ ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಎರಡು ಹಾಲಿನ ಕ್ಯಾನು ಕಟ್ಟಿದರೂ, ಹಿಂದೆ ಇಬ್ಬರು ಕೂತರೂ ಜಗ್ಗದ ಗಾಡಿ ಎಂದು ಹಳ್ಳಿಗಳಲ್ಲಿ ಹೆಸರು ಮಾಡಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಅಭಿಮಾನಿಗಳು ಗಾಡಿ ಹೊರಡಿಸುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯೊಂದರಿಂದ ಹೊಸ ಎಂಜಿನ್ನಿನೊಂದಿಗೆ ಮತ್ತೆ ಮಾರುಕಟ್ಟೆಗೆ ಬಂದವು. ಯೆಜ್ಡಿ ಎಂಬ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. ಹೆಸರಿಗೆ ಇಷ್ಟು ಬೆಲೆ! ಆ ಹೆಸರು ಹೊತ್ತು ನಲವತ್ತು ವರ್ಷ ದುಡಿದ ಗಾಡಿಗೆ ಮಾತ್ರ ವಯಸ್ಸಾದದ್ದೇ ಅಪರಾಧ.

ಈಗ ಲೆಕ್ಕಕ್ಕೆ ಬರೋಣ. ಖಾಸಗಿ ವಾಹನದ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣ. ಬೈಕಿನ ಈ ನವೀಕರಣ ಶುಲ್ಕ ಮೊದಲು 300 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ ಅದು 1000 ರೂಪಾಯಿ ಆಯಿತು. ಅರ್ಜಿ ತಡವಾದರೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಅಂದರೆ ಒಂದು ವರ್ಷ ಮರೆತರೆ 3600 ರೂಪಾಯಿ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕುಗಳ ಶುಲ್ಕವನ್ನು 2000 ರೂಪಾಯಿಗೆ ಏರಿಸಲಾಯಿತು. ನಮ್ಮ ಗಾಡಿಯ ನವೀಕರಣಕ್ಕೆ ಅಪ್ಪ 2022ರ ಜೂನ್‌ನಲ್ಲಿ ಸಾವಿರ ಕಟ್ಟಿದ್ದರು. 2027ರಲ್ಲಿ ನಾನು ಎರಡು ಸಾವಿರ ಕಟ್ಟಬೇಕು.

ಎರಡು ಸಾವಿರ ದೊಡ್ಡ ಮೊತ್ತವೇ ಎಂದು ಪೇಟೆಯವರು ಕೇಳಬಹುದು. ದೊಡ್ಡದಲ್ಲ. ಆದರೆ ನಮ್ಮ ಕಡೆ ಸಮಸ್ಯೆ ಬರೀ ಶುಲ್ಕದ್ದಲ್ಲ. ಎಷ್ಟೋ ಗಾಡಿಗಳ ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಹಾವೇರಿ ಜಿಲ್ಲೆಯಾದದ್ದೇ 1997ರಲ್ಲಿ. ಅದಕ್ಕೂ ಹಿಂದಿನ ಗಾಡಿಗಳ ಮೂಲ ದಾಖಲೆ ಧಾರವಾಡದ ಕಾಲದ್ದು. ವಾರಸುದಾರರ ಹೆಸರಿಗೆ ಮಾಡಿಸಲು, ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಏರಿಸಲು ಒಂದೊಂದು ದಿನದ ಕೂಲಿ ಬಿಟ್ಟು ಓಡಾಡಬೇಕು. ಇದರ ಮೇಲೆ ತಿಂಗಳಿಗೆ 300ರ ದಂಡದ ಮೀಟರು ಓಡುತ್ತಿದ್ದರೆ ಯಾರಾದರೂ ಏನು ಮಾಡುತ್ತಾರೆ? ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಟ್ಟಷ್ಟು ಇಸಿದುಕೊಂಡು ಕೈತೊಳೆದುಕೊಳ್ಳುತ್ತಾರೆ. ಇಲ್ಲವೇ ಕಾಗದವಿಲ್ಲದೆಯೇ ಹೊಲದ ದಾರಿಯಲ್ಲಿ ಓಡಿಸುತ್ತಾರೆ. ಎರಡರಿಂದಲೂ ಸರ್ಕಾರಕ್ಕಾಗಲಿ ಪರಿಸರಕ್ಕಾಗಲಿ ಲಾಭವಿಲ್ಲ.

2021ರಲ್ಲಿ ಜಾರಿಗೆ ಬಂದ ವಾಹನ ಗುಜರಿ ನೀತಿಯನ್ನು ನಾನು ಸಾರಾಸಗಟಾಗಿ ತೆಗಳುವುದಿಲ್ಲ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಖಾಸಗಿ ಗಾಡಿಯನ್ನು ಒಡೆಯಲೇಬೇಕೆಂದು ಅದು ಹೇಳುವುದಿಲ್ಲ. ಯೋಗ್ಯತಾ ಪರೀಕ್ಷೆಯಲ್ಲಿ ಪಾಸಾದರೆ ಓಡಿಸಬಹುದು. ಹಳೆಯದನ್ನು ಗುಜರಿಗೆ ಕೊಟ್ಟು ಹೊಸ ಖಾಸಗಿ ಗಾಡಿ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಇಲ್ಲಿರುವ ವಾಲಿಕೆಯನ್ನು ಗಮನಿಸಿ. ಕೆಡವಿದವನಿಗೆ ರಿಯಾಯಿತಿ, ಉಳಿಸಿಕೊಂಡವನಿಗೆ ದುಪ್ಪಟ್ಟು ಶುಲ್ಕ. ಚೆನ್ನಾಗಿ ರಿಪೇರಿ ಮಾಡಿ ಇಟ್ಟುಕೊಂಡವನಿಗೂ, ಹಾಳುಬಿಟ್ಟವನಿಗೂ ಒಂದೇ ದರ.

ಹಾಗಾದರೆ ವಿಂಟೇಜ್ ಎಂದು ನೋಂದಾಯಿಸಬಹುದಲ್ಲ ಎನ್ನುವಿರಾ? 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅದಕ್ಕೂ ನಿಯಮ ತಂದಿದೆ. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಳಿಕ ಮರುನೋಂದಣಿಗೆ 5000 ರೂಪಾಯಿ. ಇಷ್ಟೆಲ್ಲ ಆದ ಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಮೈಸೂರಿನಿಂದ ಕೊನೆಗೆ ಹೊರಬಿದ್ದ 1996ರ ಯೆಜ್ಡಿಗೆ 15 ವರ್ಷ ತುಂಬಿದ್ದು 2011ರಲ್ಲಿ. ಅದು ವಿಂಟೇಜ್ ಆಗುವುದು 2046ರಲ್ಲಿ! ನಡುವಿನ 35 ವರ್ಷ ಅದು ಏನು? ಹಳತಾದ ಗಾಡಿ, ಅಷ್ಟೇ. ಪರಂಪರೆ ಎನ್ನಿಸಿಕೊಳ್ಳಲು ಮೊದಲು ಬದುಕಿರಬೇಕು. ನಡುವಿನ ಈ 35 ವರ್ಷ ಬದುಕಿಸಿಕೊಳ್ಳುವವರಿಗೆ ನಿಯಮದಲ್ಲಿ ಯಾವ ಆಸರೆಯೂ ಇಲ್ಲ.

ಇನ್ನು ಹೊಗೆಯ ಮಾತು. ಹಳೆಯ ಗಾಡಿಗಳ ಮೇಲಿನ ಅತಿ ಗಟ್ಟಿಯಾದ ಆಕ್ಷೇಪ ಇದೇ, ಮತ್ತು ಅದರಲ್ಲಿ ಸತ್ಯವಿದೆ. ಯೆಜ್ಡಿ ಟು-ಸ್ಟ್ರೋಕ್ ಗಾಡಿ. ಪೆಟ್ರೋಲಿನ ಜತೆಗೇ ಆಯಿಲ್ ಬೆರೆಸಿ ಸುಡುತ್ತದೆ. ಲೀಟರಿಗೆ ಸುಮಾರು 40 ಮಿ.ಲೀ. ಹಾಕುವುದು ರೂಢಿ. ಅದೂ ಅಲ್ಲದೆ, ಒಳಬಂದ ಮಿಶ್ರಣದ ಒಂದು ಪಾಲು ಸುಡದೆಯೇ ಸೈಲೆನ್ಸರ್ ಸೇರುತ್ತದೆ. ಇಂದಿನ ಬಿಎಸ್-6 ಬೈಕಿನ ಪಕ್ಕ ನಿಲ್ಲಿಸಿದರೆ ಅದು ಸೋಲುವುದು ಖಚಿತ. ಹಳೆಯದೆಲ್ಲ ಒಳ್ಳೆಯದು ಎಂಬ ಭಾವುಕತೆ ನನಗಿಲ್ಲ.

ಆದರೆ ಹೊಗೆ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಚ್ಚಿ ನೋಡಿದವರಿಗೆ ಇನ್ನೊಂದು ಸತ್ಯವೂ ಕಾಣುತ್ತದೆ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಕೆಳಗಿನ ಕೋಣೆಗೆ ಬಂದು, ಅಲ್ಲಿಂದ ಮೇಲೆ ಸಿಲಿಂಡರಿಗೆ ಹೋಗುತ್ತವೆ. ಆ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ಅದನ್ನು ಕಾಯುವುದು ರಬ್ಬರಿನ ಆಯಿಲ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಗಟ್ಟಿಯಾಗುತ್ತವೆ. ಆಗ ಗೇರ್ ಬಾಕ್ಸಿನ ಎಣ್ಣೆಯನ್ನೂ ಎಂಜಿನ್ ಹೀರಿಕೊಂಡು ಸುಡುತ್ತದೆ. ಹಿಂದಿನವರಿಗೆ ದಾರಿ ಕಾಣದಷ್ಟು ಬಿಳಿ ಹೊಗೆ. ನಮ್ಮ ಗಾಡಿಯದೂ ಅದೇ ಕತೆ. ಸೀಲಿನ ಬೆಲೆ ಕೆಲವೇ ನೂರು ರೂಪಾಯಿ. ಕೆಲಸ ಮಾತ್ರ ದಿನಗಟ್ಟಲೆಯದು. ಸವೆದ ಸಿಲಿಂಡರನ್ನು ರಾಣೆಬೆನ್ನೂರಿನಲ್ಲಿ ಬೋರ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿದೆವು. ಕಾರ್ಬೊರೇಟರಿನ ಜೆಟ್ ತೊಳೆದು, ಪಾಯಿಂಟಿನ ಗ್ಯಾಪ್ ಸರಿಮಾಡಿ, ಸೈಲೆನ್ಸರಿನೊಳಗೆ ಕಟ್ಟಿದ್ದ ಮಸಿ ತೆಗೆದೆವು. ಹೊಗೆ ಎದ್ದು ಕಾಣುವಷ್ಟು ಇಳಿಯಿತು. ಊರಿನ ಹಳೆಯ ಮಿಸ್ತ್ರಿ ಕಾಕಾ ಅಂದದ್ದು ನೆನಪಿದೆ: “ತಮ್ಮಾ, ಗಾಡಿಗೆ ವಯಸ್ಸಾತು ಅಂತ ಹೊಗಿ ಬರಂಗಿಲ್ಲ. ನೋಡ್ಕೊಳ್ಳಾವ್ರಿಲ್ಲ ಅಂತ ಬರ್ತೈತಿ.”

ಇದು ಬರೀ ಮಿಸ್ತ್ರಿಯ ಮಾತಲ್ಲ, ಕಾನೂನೂ ಒಂದು ಕಡೆ ಹೀಗೇ ಯೋಚಿಸಿದೆ. ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್‌ಗೂ ಮೊದಲಿನ ದ್ವಿಚಕ್ರ ವಾಹನಗಳಿಗೆ ಇಂಗಾಲದ ಮಾನಾಕ್ಸೈಡಿನ ಮಿತಿ ಶೇ 4.5, ನಂತರದವುಗಳಿಗೆ ಅದಕ್ಕಿಂತ ಬಿಗಿ. ಅಂದರೆ ಗಾಡಿಯ ಕಾಲಕ್ಕೆ ತಕ್ಕ ಅಳತೆಗೋಲು ಇದೆ. ಅಳೆಯುವ ಯಂತ್ರವೂ ಇದೆ. ಅಳೆದು ತೀರ್ಮಾನಿಸುವುದನ್ನು ಬಿಟ್ಟು ಬರೀ ಹುಟ್ಟಿದ ವರ್ಷ ನೋಡಿ ಶುಲ್ಕ ಹೇರುವುದು ಏಕೆ?

ಈ ಗೊಂದಲದ ದೊಡ್ಡ ರೂಪ ದೆಹಲಿಯಲ್ಲಿ ಕಂಡಿತು. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಬಂಕಿನಲ್ಲಿ ಇಂಧನ ಹಾಕಬಾರದೆಂಬ ಆದೇಶ 2025ರ ಜುಲೈ 1ರಂದು ಜಾರಿಯಾಯಿತು. ಜನರ ಸಿಟ್ಟಿಗೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ನಂತರದ ವಾಹನಗಳಿಗೆ ಸೀಮಿತಗೊಳಿಸಿತು. ವಯಸ್ಸಿನಿಂದ ಹೊಗೆಯ ಮಾನದಂಡದ ಕಡೆಗೆ ಚರ್ಚೆ ಸರಿಯುತ್ತಿದೆ ಎಂಬುದಷ್ಟೇ ಇದರಲ್ಲಿ ನಮಗಿರುವ ಪಾಠ. ದೆಹಲಿಯ ಉಸಿರುಗಟ್ಟುವ ಗಾಳಿಗೆ ಬೇಕಾದ ಬಿಗಿ ನಿಯಮ ಬೇರೆ, ವಾರಕ್ಕೆರಡು ಸಲ ಹಂಸಭಾವಿಗೋ ಹಿರೇಕೆರೂರಿಗೋ ಹೋಗಿಬರುವ ಗಾಡಿಗೆ ಬೇಕಾದ ನಿಯಮ ಬೇರೆ.

ಇನ್ನೊಂದು ಸಂಗತಿ ಟ್ಯಾಂಕಿನೊಳಗಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿಯಲ್ಲಿ. 2030ರ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದೆವು. ಎಥನಾಲ್ ನೀರನ್ನು ಹೀರುತ್ತದೆ; ಬಹಳ ದಿನ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು, ಹಳೆಯ ರಬ್ಬರ್ ಪೈಪು ಮತ್ತು ವಾಷರುಗಳಿಗೆ ಬಿರುಕು ಬರುವ ಸಂಭವ ಹೆಚ್ಚು. ಹಳೆಯ ಕೆಲವು ವಾಹನಗಳಲ್ಲಿ ರಬ್ಬರಿನ ಭಾಗ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿದೆ. ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಇಲ್ಲಿ ನಮ್ಮೂರಿನ ಯುವಕರು ಒಂದು ಕವಲಿನಲ್ಲಿ ನಿಂತಿದ್ದೇವೆ. ಎಥನಾಲ್ ಬೇಡ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಹಾವೇರಿ ಜಿಲ್ಲೆಯ ಹೊಲಗಳ ತುಂಬ ಗೋವಿನಜೋಳ. ಎಥನಾಲ್ ತಯಾರಿಕೆಗೆ ಅದೂ ಕಚ್ಚಾವಸ್ತು. 2025ರ ನವೆಂಬರ್‌ನಲ್ಲಿ ಕ್ವಿಂಟಲಿಗೆ 2400 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯಲ್ಲಿ ದರ ಕುಸಿದು ಹಾವೇರಿ, ಗದಗದ ರೈತರು ಬೀದಿಗಿಳಿದರು. ಹೊಲದ ಗೋವಿನಜೋಳಕ್ಕೆ ಬೆಲೆ ಸಿಗಲಿ ಎನ್ನುವುದೂ ನಾನೇ, ಕೊಟ್ಟಿಗೆಯ ಗಾಡಿಯ ಪೈಪು ಹಾಳಾಗದಿರಲಿ ಎನ್ನುವುದೂ ನಾನೇ. ಎರಡೂ ಸಾಧ್ಯ. ಬೆರಕೆಯನ್ನು ನಿಲ್ಲಿಸಬೇಕಿಲ್ಲ, ಜಿಲ್ಲೆಗೆ ಒಂದೆರಡು ಬಂಕುಗಳಲ್ಲಾದರೂ ಕಡಿಮೆ ಎಥನಾಲಿನ ಪೆಟ್ರೋಲ್ ಸಿಕ್ಕರೆ, ಎಥನಾಲ್ ತಡೆಯುವ ಪೈಪು, ವಾಷರ್ ಯಾವುದೆಂದು ಹಳ್ಳಿಯ ಮೆಕ್ಯಾನಿಕ್‌ಗಳಿಗೆ ತಿಳಿಹೇಳಿದರೆ ಸಾಕು.

ಕೊನೆಯದಾಗಿ ಕೈಯ ಕಸುಬಿನ ಪ್ರಶ್ನೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಯಂತ್ರಗಳ ಜತೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಇಂದಿನ ಬೈಕಿನ ತೊಂದರೆ ತಿಳಿಯಲು ಕಂಪ್ಯೂಟರ್ ಬೇಕು, ಅದು ಶೋರೂಮಿನಲ್ಲೇ ಇರುತ್ತದೆ. ಯೆಜ್ಡಿಯಂಥ ಗಾಡಿ ಮಾತ್ರ ನಾಲ್ಕು ಪಾನಾ, ಒಂದು ಸ್ಕ್ರೂಡ್ರೈವರ್ ಇದ್ದವನಿಗೆ ತನ್ನ ಹೊಟ್ಟೆ ಬಿಚ್ಚಿ ತೋರಿಸುತ್ತದೆ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗುತ್ತ ಬಂದರೂ ಅದರ ಬಿಡಿಭಾಗ ಮಾಡುವ ಸಣ್ಣ ಘಟಕಗಳು, ಲೇತ್ ಅಂಗಡಿಗಳು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮಿಸ್ತ್ರಿಗಳು ಉಳಿದಿದ್ದಾರೆ. ಆದರೆ ಅವರಲ್ಲಿ ಬಹುಪಾಲು ಅರವತ್ತು ದಾಟಿದವರು. ಅವರ ಕೈಯಿಂದ ನಮ್ಮ ಕೈಗೆ ಆ ವಿದ್ಯೆ ದಾಟಲು ಇರುವುದು ಕೆಲವೇ ವರ್ಷ. ಐಟಿಐಗಳ ಮೆಕ್ಯಾನಿಕ್ ವಿಭಾಗದಲ್ಲಿ ಇಂಥ ಮಿಸ್ತ್ರಿಗಳನ್ನು ಅತಿಥಿ ಬೋಧಕರಾಗಿ ಕರೆದು ಹಳೆಯ ಎಂಜಿನ್ ಕಟ್ಟುವುದನ್ನು ಕಲಿಸಿದರೆ, ಊರು ಬಿಟ್ಟು ಹೋಗದೆ ಬದುಕಲು ಕೆಲವರಿಗಾದರೂ ದಾರಿಯಾದೀತು.

ನಮ್ಮ ಬೇಡಿಕೆ ದೊಡ್ಡದೇನಲ್ಲ. 15 ಮತ್ತು 50 ವರ್ಷದ ನಡುವಿನ, ಕಡಿಮೆ ಓಡುವ ಗಾಡಿಗಳಿಗೆ ನೋಂದಣಿಯಲ್ಲಿ ಒಂದು ಪ್ರತ್ಯೇಕ ವರ್ಗ ಇರಲಿ. ಹೊಗೆ ಮತ್ತು ಬ್ರೇಕಿನ ಪರೀಕ್ಷೆ ಬೇಕಾದರೆ ವರ್ಷಕ್ಕೆರಡು ಸಲ ಮಾಡಲಿ. ಪಾಸಾದವರಿಗೆ ಶುಲ್ಕ ಇಳಿಸಲಿ, ಫೇಲಾದವರನ್ನು ರಸ್ತೆಯಿಂದ ಇಳಿಸಲಿ. ಅಜ್ಜನ ಹೆಸರಿನ ಆರ್‌ಸಿಗಳನ್ನು ವಾರಸುದಾರರಿಗೆ ಮಾಡಿಕೊಡಲು ಹೋಬಳಿ ಮಟ್ಟದಲ್ಲಿ ಒಂದು ಶಿಬಿರ ನಡೆಸಿ, ಆ ಒಂದು ಸಲಕ್ಕೆ ತಡವಾದ ದಂಡ ಮನ್ನಾ ಮಾಡಲಿ. ಬಳಸಿ ಬಿಸಾಡುವುದೇ ಪ್ರಗತಿ ಎಂದು ನಂಬಿಸುವ ಈ ದಿನಗಳಲ್ಲಿ ಕೆಟ್ಟದ್ದನ್ನು ಸರಿಮಾಡಿಕೊಂಡು ಬಾಳುವವರಿಗೆ ದಂಡ ಹಾಕದಿದ್ದರೆ ಸಾಕು. ಉಳಿದದ್ದನ್ನು ನಮ್ಮ ಪಾನಾಗಳು ನೋಡಿಕೊಳ್ಳುತ್ತವೆ.