ನಂಬಿಕೆಯೂ ಕಟ್ಟುವ ಕೆಲಸವೇ
ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಶರಣರ ಚರ್ಚಾಸಭೆಯ ನೆನಪಿಗೆ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಕಲ್ಲಿನ ಕಟ್ಟಡಕ್ಕೆ ವಾಸ್ತುಶಿಲ್ಪಿ ನಕ್ಷೆ ಬರೆದುಕೊಡುತ್ತಾನೆ, ಜನರ ನಡುವಿನ ನಂಬಿಕೆಗೆ ಯಾರು ಬರೆಯಬೇಕು? ಅದಕ್ಕೂ ನಕ್ಷೆ ಬರೆಯಬಹುದು ಎಂಬುದಕ್ಕೆ ಇದೇ ಬೀದರ್ ಜಿಲ್ಲೆಯಲ್ಲಿ ಪುರಾವೆಯಿದೆ. ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು. ಗುರುಪಾದಪ್ಪ ನಾಗಮಾರಪಳ್ಳಿ ಅವರ ನೇತೃತ್ವದಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕು ಅದನ್ನು ಹುಮನಾಬಾದ್, ಬಸವಕಲ್ಯಾಣಗಳ ಹಳ್ಳಿಗಳವರೆಗೂ ಒಯ್ದಿತು. ಅಡವಿಡಲು ಹೊಲವಾಗಲಿ ಒಡವೆಯಾಗಲಿ ಇಲ್ಲದ ಹತ್ತಿಪ್ಪತ್ತು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸೇರಿ, ಉಳಿತಾಯದ ಹಣ ಎಣಿಸಿ, ಠರಾವು ಪುಸ್ತಕಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾರೆ. ಸಾಲ ಹುಟ್ಟುವುದು ಆ ಪುಸ್ತಕದ ಬಲದ ಮೇಲೆ. ಸಾಮಾಜಿಕ ಬಂಡವಾಳ ಎಂದು ಪಂಡಿತರು ಕರೆಯುವುದು ಹೀಗೆ ಬೆಳೆದ ನಂಬಿಕೆಯನ್ನೇ. ಒಂದೇ ಜಾತಿಯ ಸಂಘ ತನ್ನವರನ್ನಷ್ಟೇ ಎತ್ತುತ್ತದೆ, ಕಂತು ತಪ್ಪಿದ ಬಡವಿಯನ್ನು ನೆರೆಯವರೇ ಹಿಂಡುತ್ತಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ತಮ್ಮವರನ್ನಷ್ಟೇ ಬೆಸೆಯುವ ನಂಟು ಬೇರೆ, ಹೊರಗಿನವರನ್ನೂ ಒಳಗೊಳ್ಳುವ ನಂಟು ಬೇರೆ ಎಂದು ರಾಜಕೀಯ ವಿಜ್ಞಾನಿ ರಾಬರ್ಟ್ ಪಟ್ನಮ್ ವಿಂಗಡಿಸಿದ್ದೂ ಅದಕ್ಕೇ. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಸಮಗಾರ ಶರಣ ಹರಳಯ್ಯ ಮತ್ತು ಬ್ರಾಹ್ಮಣ ಮೂಲದ ಶರಣ ಮಧುವರಸರ ಮನೆಗಳ ನಡುವೆ ಮಕ್ಕಳ ಮದುವೆಯಿಂದ ಬೆಳೆದದ್ದು ಈ ಎರಡನೆಯ ನಂಟು. ಅದಕ್ಕಾಗಿ ಅವರು ಪ್ರಾಣ ತೆತ್ತರೆಂದು ಶರಣ ಪರಂಪರೆ ನೆನೆಯುತ್ತದೆ. ಈ ತಾಲ್ಲೂಕುಗಳಲ್ಲಿ ಸಾಮಾಜಿಕ ಉದ್ಯಮ ಕಟ್ಟಲು ಬರುವವರು ಸಂಘಗಳ ಸಂಖ್ಯೆ ಎಣಿಸುವ ಮೊದಲು, ಒಂದೇ ಜಮಖಾನೆಯ ಮೇಲೆ ಯಾವ್ಯಾವ ಓಣಿಯವರು ಕೂತಿದ್ದಾರೆ ಎಂದು ನೋಡಲಿ.