ಮೊಲದ ಹಿಕ್ಕೆಯೂ ನನ್ನ ಇಂಜಿನಿಯರಿಂಗ್ ಡಿಗ್ರಿಯೂ

ಬೆಳಗ್ಗೆ ಎದ್ದು ಹಲ್ಲುಜ್ಜುವ ಮೊದಲು ನಾನು ಮಾಡುವ ಕೆಲಸ ಏನು ಗೊತ್ತಾ? ಮೊಲದ ಹಿಕ್ಕೆ ನೋಡುವುದು! ನಗಬೇಡಿ ಮಾರಾಯ್ರೆ, ನಿಜವಾಗಿಯೂ. ತಿಂಡಿ ತಿನ್ನುತ್ತಾ ಓದುತ್ತಿದ್ದರೆ ತಿಂದು ಮುಗಿಸಿ ಬನ್ನಿ :-)

ವಿಟ್ಲದ ನಮ್ಮ ಮನೆಯಲ್ಲಿ ಇದೇನೂ ಹೊಸ ವಿಷಯ ಅಲ್ಲ. ಅಮ್ಮ ಬೆಳಗ್ಗೆ ಹಟ್ಟಿಗೆ ಹೋದರೆ ಅವಳ ಕಣ್ಣು ಮೊದಲು ಹೋಗುವುದು ಸೆಗಣಿಯ ಮೇಲೆ. ತೆಳುವಾಗಿದೆಯಾ, ಗಟ್ಟಿಯಾಗಿದೆಯಾ, ದನ ಮೆಲುಕು ಹಾಕ್ತಾ ಇದೆಯಾ ಅಂತ ನೋಡಿ, "ಇವತ್ತು ಇದಕ್ಕೆ ಹಿಂಡಿ ಕಮ್ಮಿ ಹಾಕುವ" ಅಂತ ಅಲ್ಲೇ ತೀರ್ಮಾನ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದ ನಾನು ಈ ವಿದ್ಯೆಯನ್ನು ಹಟ್ಟಿಯಲ್ಲೇ ಬಿಟ್ಟು ಹೋಗಿದ್ದೆ. ಅದಕ್ಕೆ ಬೆಲೆ ತೆತ್ತದ್ದು ಒಂದು ಮೊಲ.

ಅಂಗಡಿಯವನು ಮೊಲದ ಜೊತೆ ಒಂದು ಚೀಲ ಪೆಲೆಟ್ ಕೊಟ್ಟು, "ಇದು, ಮತ್ತೆ ಸ್ವಲ್ಪ ಕ್ಯಾರೆಟ್, ಅಷ್ಟೇ ಸಾಕು ಸಾರ್" ಅಂದಿದ್ದ. ನಾನೂ ಹಾಗೇ ಮಾಡಿದೆ. ಕೆಲವು ತಿಂಗಳ ನಂತರ ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ, ಹಾಕಿದ ಕ್ಯಾರೆಟ್ ಹಾಗೇ ಇತ್ತು. ಮೊಲ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕೂತಿತ್ತು. "ನಾಳೆ ನೋಡುವ" ಅಂದುಕೊಂಡೆ. ಆ ರಾತ್ರಿ ರಿಲೀಸ್ ಇತ್ತು, ಎರಡು ಗಂಟೆಯವರೆಗೆ ಸರ್ವರಿನ ಲಾಗ್ ನೋಡುತ್ತಾ ಕೂತಿದ್ದೆ. ಬೆಳಗ್ಗೆ ಟ್ರೇಯಲ್ಲಿ ಒಂದೇ ಒಂದು ಹಿಕ್ಕೆ ಇರಲಿಲ್ಲ. ಡಾಕ್ಟರ ಹತ್ತಿರ ತಲುಪುವ ಮೊದಲೇ ಮೊಲ ಹೋಗಿಬಿಟ್ಟಿತು.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಸರ್ವರ್ ಆಗಾಗ "ನಾನು ಬದುಕಿದ್ದೇನೆ" ಅಂತ ಒಂದು ಸಿಗ್ನಲ್ ಕಳಿಸುತ್ತಾ ಇರಬೇಕು. ಅದು ನಿಂತರೆ ನಮ್ಮ ಫೋನು ಕಿರುಚುತ್ತದೆ. ಮೊಲವೂ ಅಂಥದ್ದೇ ಸಿಗ್ನಲ್ ಕಳಿಸುತ್ತದೆ, ದಿನಕ್ಕೆ ಇನ್ನೂರು ಮುನ್ನೂರು ಸಲ! ಆದರೆ ಅದು ನಿಂತಾಗ ಕಿರುಚಲಿಕ್ಕೆ ಯಾರೂ ಇಲ್ಲ. ಮೊಲವಂತೂ ಸಾಮಾನ್ಯವಾಗಿ ಕಿರುಚುವುದಿಲ್ಲ. ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವ ತನ್ನ ನೋವನ್ನು ಅಡಗಿಸಿಡುತ್ತದೆ. ನೋವು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ.

ಆಮೇಲೆ ಕೂತು ಓದಿಕೊಂಡದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಆರೋಗ್ಯದ ಹಿಕ್ಕೆ ಉರುಟಾಗಿ, ಒಣಗಿ, ಹೆಚ್ಚುಕಮ್ಮಿ ಒಂದೇ ಗಾತ್ರದಲ್ಲಿ ಇರುತ್ತದೆ. ಒಡೆದರೆ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಗಾತ್ರ ಸಣ್ಣದಾಗುತ್ತಾ ಬಂದರೆ ಮೊಲ ಕಮ್ಮಿ ತಿನ್ನುತ್ತಿದೆ ಅಂತ ಅರ್ಥ. ಕೂದಲಿನಿಂದ ಮಾಲೆಯ ಹಾಗೆ ಜೋಡಿಸಿಕೊಂಡು ಬಂದರೆ ರೋಮ ಉದುರುವ ಕಾಲ, ಬ್ರಷ್ ಹಿಡಿಯಿರಿ. ಇನ್ನೊಂದು ಬಗೆ ಇದೆ: ಮೆತ್ತಗೆ, ಕಪ್ಪಗೆ, ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ. ಅದು ಬೇಧಿ ಅಲ್ಲ. ಸೀಕಮ್ ಎಂಬ ಕರುಳಿನ ಚೀಲದಲ್ಲಿ ಹುದುಗಿ ಬಂದ ಪೌಷ್ಟಿಕ ಆಹಾರ. ಮೊಲ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಛೀ ಅನ್ನಬೇಡಿ, ದನ ಮೆಲುಕು ಹಾಕುವುದಿಲ್ಲವಾ, ಇದು ಮೊಲದ ದಾರಿ. ಅದನ್ನು ತಿನ್ನದೆ ಬಿಡುತ್ತಿದ್ದರೆ ಪೆಲೆಟ್, ಸಿಹಿ ಜಾಸ್ತಿಯಾಗಿರಬಹುದು, ಅಥವಾ ಮೈ ಬಂದು ಬಗ್ಗಲಿಕ್ಕೆ ಆಗದೆ ಇರಬಹುದು. ನೀರುನೀರಾಗಿ ಹೋದರೆ ಮಾತ್ರ, ಅದರಲ್ಲೂ ಮರಿಯಾದರೆ, ತಕ್ಷಣ ಓಡಬೇಕು.

ಎಲ್ಲದಕ್ಕಿಂತ ಮುಖ್ಯ, ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಇದ್ದರೆ ಅದು "ನಾಳೆ ನೋಡುವ" ವಿಷಯ ಅಲ್ಲ. ಗೂನು ಬೆನ್ನು, ಹಲ್ಲು ಕಟಕಟ ಕಡಿಯುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು, ತಣ್ಣಗಾದ ಕಿವಿ, ಇವು ಕಂಡರಂತೂ ಗಂಟೆ ಎಣಿಸುವುದೂ ಬೇಡ.

ಇಲ್ಲಿ ನಮ್ಮ ಹಿರಿಯರ ಒಂದು ಮಾತು ಉಲ್ಟಾ ಹೊಡೆಯುತ್ತದೆ. "ಲಂಘನಂ ಪರಮೌಷಧಂ", ಹೊಟ್ಟೆ ಸರಿಯಿಲ್ಲದಿದ್ದರೆ ಉಪವಾಸ ಹಾಕು. ನಮಗೆ ಸರಿ ಇರಬಹುದು, ಮೊಲಕ್ಕೆ ಅದು ಸಾವು. ಅದರ ಕರುಳು ನಡೆಯುವುದೇ ನಿರಂತರವಾಗಿ ಒಳಗೆ ಹೋಗುವ ನಾರಿನಿಂದ. ನಾರು ನಿಂತರೆ ಕರುಳು ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋವಿಗೆ ಇನ್ನೂ ತಿನ್ನುವುದಿಲ್ಲ. ಮೊಲಕ್ಕೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ. ಮನೆಯಲ್ಲಿ ಉಳಿದ ಮಾತ್ರೆ ಕೊಡುವುದೂ ಬೇಡ. ನಾವು ಸಲೀಸಾಗಿ ನುಂಗುವ ಅಮಾಕ್ಸಿಸಿಲಿನ್ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ಮೊಲವನ್ನೂ ಕೊಲ್ಲಬಹುದು.

ಈಗ ಇರುವುದು ಎರಡನೇ ಮೊಲ. ಇದರ ಊಟದಲ್ಲಿ ಮುಕ್ಕಾಲಿಗಿಂತ ಹೆಚ್ಚು ಒಣಹುಲ್ಲು ಮತ್ತು ಗರಿಕೆ, ಕ್ಯಾರೆಟ್ ಹಬ್ಬದ ಪಾಯಸದ ಹಾಗೆ ಅಪರೂಪಕ್ಕೆ. ಕಳೆದ ಮಳೆಗಾಲ ವಿಟ್ಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಅದನ್ನೂ ಕರೆದುಕೊಂಡು ಹೋಗಿದ್ದೆ. ಒಂದು ಬೆಳಗ್ಗೆ ನಾನು ಮೀಟಿಂಗಿನಲ್ಲಿದ್ದಾಗ ಅಮ್ಮ ಬಂದು, "ನಿನ್ನ ಮೊಲ ರಾತ್ರಿಯಿಂದ ಹಿಕ್ಕೆ ಹಾಕ್ಲಿಲ್ಲ, ಎಂಥದೋ ಸರಿ ಇಲ್ಲ ನೋಡು" ಅಂದಳು. ಹುಲ್ಲು ತೆಗೆದು ನೋಡಿದರೆ ಮಳೆಯ ಥಂಡಿಗೆ ಅಡಿಯಲ್ಲಿ ಬೂಸ್ಟು ಬಂದಿತ್ತು. ಮೀಟಿಂಗ್ ಅರ್ಧಕ್ಕೆ ಬಿಟ್ಟು ಆ ಜಡಿಮಳೆಯಲ್ಲಿ ಮಂಗಳೂರಿಗೆ ಕಾರು ಓಡಿಸಿದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ನೋವಿನ ಔಷಧಿ, ಚರ್ಮದ ಅಡಿಗೆ ದ್ರವ ಕೊಟ್ಟರು, ಸಿರಿಂಜಿನಲ್ಲಿ ಹುಲ್ಲಿನ ಗಂಜಿ ಕುಡಿಸಲಿಕ್ಕೆ ಹೇಳಿದರು. ರಾತ್ರಿ ಹನ್ನೊಂದಕ್ಕೆ ಟ್ರೇಯಲ್ಲಿ ಕಾಳುಮೆಣಸಿನಷ್ಟು ದೊಡ್ಡ ನಾಲ್ಕು ಹಿಕ್ಕೆ. ನಾನೂ ಅಮ್ಮನೂ ಟಾರ್ಚ್ ಹಿಡಿದು ಅದನ್ನು ನೋಡಿ ನಕ್ಕದ್ದು ನೆನೆದರೆ ಈಗಲೂ ಖುಷಿ!

"ಕೆಲವು ನೂರು ರೂಪಾಯಿಯ ಮೊಲಕ್ಕೆ ಸಾವಿರಾರು ರೂಪಾಯಿ ಖರ್ಚಾ?" ಅಂತ ಕೇಳಿದವರಿದ್ದಾರೆ. ನಾನು ಕೊಟ್ಟ ದುಡ್ಡು ಅಂಗಡಿಯವನಿಗೆ ಹೋಯಿತು, ಮೊಲಕ್ಕಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಮೊಲ ತರುವವರಿಗೆ ನನ್ನದು ಒಂದೇ ಮಾತು. ಎಂಟು ಹತ್ತು ವರ್ಷ ಪ್ರತಿದಿನ ಅದರ ಹಿಕ್ಕೆ ನೋಡಲಿಕ್ಕೆ ತಯಾರಿದ್ದೀರಾ? ಇಲ್ಲವಾದರೆ ದಯವಿಟ್ಟು ಬಟ್ಟೆಯ ಮೊಲ ತನ್ನಿ.

ಅಂದ ಹಾಗೆ, ಮೊಲ ಸಾಕುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಇವತ್ತು ಟ್ರೇ ನೋಡಿದಿರಾ?